ಎಲ್ಲ ಲಿಂಕಿಗೂ ಒಂದೇ ಮನೆ

ಬೆಂಗಳೂರಿನ ಹೆಗ್ಗನಹಳ್ಳಿಯ ಆ ಬಾಡಿಗೆ ಮನೆಯಲ್ಲಿ ಫೋನು ಇದ್ದೂ ಇಲ್ಲದ ಹಾಗಿತ್ತು. ಊರ ಕಡೆ ಯಾರಾದರೂ ತೀರಿಕೊಂಡರೆ ಹೊಡೆದುಕೊಳ್ಳುತ್ತಿತ್ತು, ಇಲ್ಲದಿದ್ದರೆ ಶಂಕ್ರವ್ವ ಹೊದಿಸಿದ್ದ ಕಸೂತಿ ಬಟ್ಟೆಯ ಕೆಳಗೆ ತೆಪ್ಪಗೆ ಕೂತಿರುತ್ತಿತ್ತು. ಅಂಥ ಫೋನು ೨೦೦೬ರ ಗಣೇಶನ ಹಬ್ಬ ಕಳೆದದ್ದೇ ತಡ ಒಂದೇ ಸಮನೆ ಬಡಿದುಕೊಳ್ಳತೊಡಗಿತು. ಒಲೆಯ ಮೇಲೆ ಹಾಲಿಟ್ಟಾಗ, ಮಧ್ಯಾಹ್ನ ಕಣ್ಣಿಗೆ ಜೊಂಪು ಹತ್ತಿದಾಗ, ಸಂಜೆ ದೀಪ ಹಚ್ಚುವಾಗ. ಎತ್ತಿದರೆ ಗುರುತಿಲ್ಲದ ದನಿ: “ಕನ್ಯಾ ಅದಾರೇನ್ರಿ ನಿಮ್ಮ ಮನ್ಯಾಗ?” ಮೊದಲನೆಯ ಸಲ ಶಂಕ್ರವ್ವನ ಕೈಯಿಂದ ರಿಸೀವರು ನೆಲಕ್ಕೆ ಬಿದ್ದಿತ್ತು.

ಕನ್ಯೆಯೇನೋ ಇದ್ದಳು. ಶಂಕ್ರವ್ವನ ಮಗಳು ಗುರುದೇವಿ. ವಯಸ್ಸು ಮೂವತ್ತಮೂರು. ಇಪ್ಪತ್ತಮೂರರಲ್ಲಿ ನೋಡಲು ಬಂದವರು ಹುಡುಗಿ ಕಪ್ಪು ಎಂದರು. ಅಪ್ಪ ತೀರಿಕೊಂಡ ಮೇಲೆ ಬಂದವರು ಮುಂದೆ ನಿಂತು ಮಾಡಿಕೊಡುವವರು ಯಾರು ಎಂದರು. ಮೂವತ್ತು ದಾಟಿದ ಮೇಲೆ ಬಂದವರು ಕಾರಣ ಹೇಳುವ ತೊಂದರೆಯನ್ನೂ ತೆಗೆದುಕೊಳ್ಳಲಿಲ್ಲ. ಕೊನೆಗೆ ತಮ್ಮ ಅರುಣನ ಮದುವೆಯನ್ನೇ ಮೊದಲು ಮಾಡಬೇಕಾಯಿತು. ಅಕ್ಕನನ್ನು ಮನೆಯಲ್ಲಿಟ್ಟುಕೊಂಡು ತಮ್ಮನಿಗೆ ಬಾಸಿಂಗ ಕಟ್ಟಿದರೆ ಜನ ಏನು ತಿಳಿಯುತ್ತಾರೆ? ಅವಳಲ್ಲಿ ಏನೋ ಐಬಿದೆ ಎಂದೇ ತಿಳಿಯುತ್ತಾರೆ. ತಿಳಿದರು ಕೂಡ. ಅರುಣ ಹೆಂಡತಿಯನ್ನು ಕರೆದುಕೊಂಡು ಬೇರೆ ಮನೆ ಮಾಡಿದ, ಹಬ್ಬಕ್ಕೆ ಬಂದು ಉಂಡು ಹೋಗುವ ನೆಂಟನಾದ.

ಆ ತಮ್ಮನ ಲಗ್ನಪತ್ರಿಕೆಯನ್ನೂ ಗುರುದೇವಿಯೇ ಕಂಪೋಸ್ ಮಾಡಿದ್ದಳು. ಅವಳ ಕೆಲಸವೇ ಅದು. ಅಪ್ಪ ಕುಷ್ಟಗಿ ಕಡೆಯಿಂದ ಬಂದು ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದ. ಅವನು ಎದೆನೋವೆಂದು ಕೂತಲ್ಲೇ ಹೋದಾಗ ಮಗಳು ಪಿಯುಸಿ ಮುಗಿಸಿ, ಕೆಲವು ವರ್ಷ ಮನೆಯಲ್ಲಿದ್ದು, ಡಿಟಿಪಿ ಕಲಿಯುತ್ತಿದ್ದಳು. ಅದೇ ಕಾರ್ಖಾನೆಯ ಹಿಂದಿನ ಬೀದಿಯಲ್ಲಿ ಜಗನ್ನಾಥನ ಪ್ರೆಸ್ಸಿತ್ತು, ಅಲ್ಲಿಗೆ ಸೇರಿದಳು. ಯಾರ್ಯಾರದೋ ಹೆಸರಿನ ಹಿಂದೆ ‘ಚಿ.ಸೌ.’ ಎಂದು ಕೂರಿಸುವುದು, ಗಂಡಿನ ಹೆಸರಿನ ಪಕ್ಕ ಹೆಣ್ಣಿನ ಹೆಸರು ಸರಿಯಾಗಿ ಬಂದಿದೆಯೇ ಎಂದು ಅಳತೆ ನೋಡುವುದು, ಇದರಲ್ಲೇ ಅವಳ ಪ್ರಾಯ ಕಳೆಯಿತು. ನನ್ನನ್ನು ಕೇಳಿದರೆ ದೇವರು ಇಂಥ ತಮಾಷೆಗಳನ್ನು ಸ್ವಲ್ಪ ಕಡಿಮೆ ಮಾಡಬೇಕು.

ಜಗನ್ನಾಥ ಬೆಂಗಳೂರಿನವನೇ. ವ್ಯಾಪಾರದ ಮೂಗು ಚುರುಕು. ಉತ್ತರ ಕರ್ನಾಟಕದಿಂದ ಬಂದು ಸುಂಕದಕಟ್ಟೆ, ವಿಜಯನಗರ, ಕೆಂಗೇರಿಯ ಕಡೆ ನೆಲೆಸಿದವರೆಲ್ಲ ತಮ್ಮ ಕಡೆಯ ಒಕ್ಕಣೆ ಬಲ್ಲ ಗುರುದೇವಿಯನ್ನು ಹುಡುಕಿಕೊಂಡು ಪತ್ರಿಕೆ ಮಾಡಿಸಲು ಬರುವುದನ್ನು ಅವನು ಗಮನಿಸಿದ್ದ. ಒಂದು ದಿನ ಹೇಳಿದ: “ನೋಡಮ್ಮಾ, ಇವರೆಲ್ಲ ಗಂಡು ಹೆಣ್ಣು ಹುಡುಕೋಕೆ ಊರಿಗೇ ಓಡ್ತಾರೆ. ಇಲ್ಲೇ ಹುಡುಕಿಕೊಟ್ರೆ ಪತ್ರಿಕೇನೂ ನಮ್ಮಲ್ಲೇ ಮಾಡಿಸ್ತಾರೆ. ಒಂದು ವೆಬ್‌ಸೈಟ್ ಮಾಡೋಣ.” ಮಾಡೋಣ ಎಂದರೆ ನೀನು ಮಾಡು ಎಂದರ್ಥ. ವಿಜಯನಗರದ ಕಂಪ್ಯೂಟರ್ ಸೆಂಟರಿನಲ್ಲಿ ಕಲಿತದ್ದು ಸ್ವಲ್ಪ. ಉಳಿದದ್ದನ್ನೆಲ್ಲ ಅವಳು ಬೇರೆಯವರ ಪುಟಗಳ ಮೇಲೆ ರೈಟ್ ಕ್ಲಿಕ್ ಮಾಡಿ, ಅದರ ಹಿಂದಿನ ಕೋಡನ್ನು ಇಣುಕಿ ನೋಡಿ ಕಲಿತಳು.

ಈ ಜನಕ್ಕೆ ಮಗಳ ಮದುವೆ ಆಗಬೇಕು, ಆದರೆ ಮಗಳ ಹೆಸರು, ಫೋಟೋ ಇಂಟರ್‌ನೆಟ್ಟಿನಲ್ಲಿ ಬರಬಾರದು. ಕಂಡಕಂಡವರು ನೋಡುತ್ತಾರಲ್ಲ! ಹಾಗಾಗಿ ಕನ್ಯೆಯರ ಪುಟದಲ್ಲಿ ಒಂದೊಂದು ಸಾಲಿಗೆ ವಯಸ್ಸು, ಓದು, ಎತ್ತರ ಇಷ್ಟೇ. ಸಾಲಿನ ಕೊನೆಯಲ್ಲಿ ‘ಸಂಪರ್ಕಿಸಿ’ ಎಂಬ ಲಿಂಕು. ಅದನ್ನು ಒತ್ತಿದರೆ ಹಳದಿ ಡಬ್ಬಿಯೊಂದು ತೆರೆದು ಆ ಮನೆಯ ಫೋನ್ ನಂಬರು ಕಾಣಿಸುತ್ತಿತ್ತು. ಪುಟ ಶುರುಮಾಡುವಾಗ ನೋಡಲಿಕ್ಕೆ ಒಂದು ಸಾಲಾದರೂ ಇರಲಿ ಎಂದು ಗುರುದೇವಿ ತನ್ನದೇ ವಿವರ ಹಾಕಿದ್ದಳು. ಜಗನ್ನಾಥ ಅದನ್ನು ತೆಗೆಸಲಿಲ್ಲ, ಅವಳೂ ತೆಗೆಯಲಿಲ್ಲ. ಹೊಸಬರು ಮೇಲೆ ಮೇಲೆ ಸೇರುತ್ತಾ ಹೋದಂತೆ ಅವಳ ಸಾಲು ಎಲ್ಲಕ್ಕಿಂತ ಕೆಳಗೆ ಹೋಯಿತು. ಅಲ್ಲಿಯತನಕ ಇಳಿದು ನೋಡುವ ತಾಳ್ಮೆ ಯಾವ ಗಂಡಿನ ಕಡೆಯವರಿಗೂ ಇರಲಿಲ್ಲ.

ಮೊದಮೊದಲು ಪ್ರತಿ ಲಿಂಕಿನೊಳಗೂ ಆಯಾ ನಂಬರನ್ನು ಕೈಯಿಂದಲೇ ಬರೆಯುತ್ತಿದ್ದಳು. ಜನ ಹೆಚ್ಚಾದಂತೆ ಅದು ರೇಜಿಗೆಯಾಯಿತು. ಒಂದು ಅಂಕಿ ತಪ್ಪಿ ಯಾರದೋ ಕನ್ಯೆಗೆ ಬರಬೇಕಾದ ಫೋನು ಕೆಂಗೇರಿಯ ಗ್ಯಾಸ್ ಏಜೆನ್ಸಿಗೆ ಹೋಗಿ, ಜಗನ್ನಾಥ ಕೂಗಾಡಿದ. ಗುರುದೇವಿ ಯಾವುದೋ ಪುಟದ ಕೋಡು ನೋಡಿ ಒಂದು ಲೂಪ್ ಬರೆದಳು. ಪುಟ ತೆರೆದ ಕೂಡಲೇ ಅದು ಮೇಲಿನಿಂದ ಕೆಳಗಿನವರೆಗೆ ಎಲ್ಲ ಲಿಂಕುಗಳನ್ನೂ ಸುತ್ತಿಬಂದು, ‘ನಿನ್ನನ್ನು ಒತ್ತಿದರೆ ಈ ನಂಬರು ತೋರಿಸು’ ಎಂದು ಒಂದೊಂದಕ್ಕೂ ಹೇಳಿ ಬರಬೇಕು. ಬರೆದಾದ ಮೇಲೆ ಪರೀಕ್ಷೆ ಮಾಡಬೇಕಲ್ಲ? ಯಾವುದನ್ನು ಒತ್ತುವುದು? ಬೇರೆಯವರ ನಂಬರು ಸರಿಯೋ ತಪ್ಪೋ ತಿಳಿಯಲು ಹಾಳೆ ತೆಗೆದು ತಾಳೆ ನೋಡಬೇಕು. ತನ್ನ ಮನೆಯ ನಂಬರು ಬಾಯಿಪಾಠ. ಕೆಳಗಿಳಿದು ತನ್ನ ಸಾಲನ್ನೇ ಒತ್ತಿದಳು. ಹಳದಿ ಡಬ್ಬಿ ತೆರೆಯಿತು, ಮನೆಯ ನಂಬರು ಬಂತು. ಸರಿಯಾಗಿದೆ ಎಂದು ಪುಟವನ್ನು ಸರ್ವರಿಗೆ ಏರಿಸಿ, ಬಸ್ಸು ಹಿಡಿದು ಮನೆಗೆ ಹೋದಳು.

ಫೋನು ಬಡಿದುಕೊಳ್ಳತೊಡಗಿದ್ದು ಅದರ ಮರುದಿನದಿಂದ.

ಗುರುದೇವಿಗೆ ಮೊದಲು ನಂಬಿಕೆ ಬರಲಿಲ್ಲ. ಆಮೇಲೆ ನಂಬಿದಳು, ನಂಬಬೇಕೆಂಬ ಆಸೆಯಿಂದಲೇ ನಂಬಿದಳು. ಮದುವೆಯ ಮಾತು ಎತ್ತಿದರೆ ಮುಖ ಗಂಟುಹಾಕಿಕೊಳ್ಳುವ ಹೆಂಗಸು ಅವಳು. ಆದರೆ ಒಳಗೆ ಆಸೆ ಸತ್ತಿರಲಿಲ್ಲ. ತನ್ನದೂ ಒಂದು ಮನೆ, ಸಂಜೆ ದಾರಿ ಕಾಯುವ ಒಬ್ಬ ಮನುಷ್ಯ ಎಂದೆಲ್ಲ ಬಸ್ಸಿನ ಕಿಟಕಿ ಪಕ್ಕ ಕೂತಾಗ ನೆನೆಸಿಕೊಳ್ಳುತ್ತಿದ್ದಳು. ಈಗ ದಿನವೂ ಮನೆಗೆ ಬಂದೊಡನೆ ಚಪ್ಪಲಿ ಬಿಡುವ ಮೊದಲೇ ಕೇಳುವಳು: “ಯಾರರ ಮಾಡಿದ್ರೇನವ್ವಾ?” ಶಂಕ್ರವ್ವ ಹೇಳುವಳು: “ಮಾಡಿದ್ರು. ರವಿವಾರ ಬರ್ತಾರಂತ.” ಹೇಳುವಾಗ ಮಗಳ ಮುಖ ನೋಡುತ್ತಿರಲಿಲ್ಲ. ಅದನ್ನು ಗುರುದೇವಿ ಆಗ ಗಮನಿಸಲಿಲ್ಲ.

ರವಿವಾರ ಕಸ್ತೂರೆವ್ವ ಎಂಬ ಹೆಂಗಸು ಮಗ ಅಮರೇಶನನ್ನು ಕರೆದುಕೊಂಡು ಬಂದಳು. ಗಜೇಂದ್ರಗಡದ ಕಡೆಯವರು. ಅಮರೇಶ ವಿಜಯನಗರದಲ್ಲಿ ಔಷಧಿ ಅಂಗಡಿ ಇಟ್ಟಿದ್ದ. ಅವನಿಗೂ ವಯಸ್ಸು ಸ್ವಲ್ಪ ಮೀರಿತ್ತು, ನೆತ್ತಿ ತೆಳ್ಳಗಾಗಿತ್ತು. ಹೆಲ್ಮೆಟ್ಟು ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲೇ ಇಟ್ಟುಕೊಂಡು ಕೂತ. ಗುರುದೇವಿ ಉಪ್ಪಿಟ್ಟಿನ ತಟ್ಟೆ ಕೊಟ್ಟಾಗ ತಲೆ ಎತ್ತಿ ನೋಡಿ, “ನೀವೂ ತಗೋರಿ” ಎಂದ. ಇಷ್ಟು ವರ್ಷದಲ್ಲಿ ನೋಡಲು ಬಂದ ಒಬ್ಬನೂ ಅವಳಿಗೆ ಆ ಮಾತು ಹೇಳಿರಲಿಲ್ಲ. ಅಷ್ಟೇ ಸಾಕಾಯಿತು. ಇವನಾದರೆ ಆದೀತು ಎಂದು ಅವಳ ಮನಸ್ಸು ಹೇಳಿಬಿಟ್ಟಿತು.

ಕಸ್ತೂರೆವ್ವ ಪ್ರೀತಿಯಿಂದಲೇ ಕೇಳಿದಳು: “ಯಾವ ಸಾಲ್ಯಾಗ ಕಲಸ್ತೀಯವಾ?”

“ಸಾಲಿ ಅಲ್ರಿ, ಪ್ರೆಸ್ಸಿನ್ಯಾಗ ಕೆಲಸ ಮಾಡ್ತೀನ್ರಿ.”

“ಹಂಗಂದ್ರ? ಬಿ.ಎಡ್. ಆಗೈತಿ ಅಂತಿತ್ತಲ್ಲ? ಇಪ್ಪತ್ನಾಕು ವರ್ಷ, ಬಿ.ಎಡ್. ನಮ್ಮ ಅಮರೇಶನ ಕಂಪ್ಯೂಟರಿನ್ಯಾಗ ನೋಡಿ ಒತ್ತ್ಯಾನ. ಫೋನಿನ್ಯಾಗ ನಿಮ್ಮವ್ವನ್ನೂ ಕೇಳಿದ್ವಿ. ಹೂಂ, ಆಗೈತಿ, ಬರ್ರಿ ಅಂದ್ರು.”

ಗುರುದೇವಿ ತಾಯಿಯ ಕಡೆ ತಿರುಗಿದಳು. ಶಂಕ್ರವ್ವ ಸೆರಗಿನ ತುದಿಯಿಂದ ಲೋಟದ ಅಂಚು ಒರೆಸುತ್ತಿದ್ದಳು. ಒರೆಸಿದ್ದನ್ನೇ ಒರೆಸುತ್ತಿದ್ದಳು. ಹೇಳಬೇಕಾದ್ದನ್ನು ಮಗಳೇ ಹೇಳಿದಳು: “ಬಿ.ಎಡ್. ನಂದಲ್ರಿ. ನನಗ ಮೂವತ್ಮೂರು ವರ್ಷ.” ಕಸ್ತೂರೆವ್ವ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು, ತಿರುಗಿ ಅನ್ನಬಹುದಿತ್ತು. “ಬರ್ತೀವ್ರಿ, ಬೆಳಕಿದ್ದಂಗ ಮನಿ ಮುಟ್ಟಬೇಕು” ಎಂದು ಎದ್ದಳು. ಹೊರಗೆ ಮಟಮಟ ಮಧ್ಯಾಹ್ನ. ಅಮರೇಶ ಬಾಗಿಲಲ್ಲಿ ನಿಂತು, “ತಪ್ಪು ತಿಳ್ಕೋಬ್ಯಾಡ್ರಿ” ಎಂದು ಹೇಳಿ ಗಾಡಿ ಹತ್ತಿದ. ಅವನು ಒಳ್ಳೆಯವನಾಗಿದ್ದದ್ದೇ ಅವಳಿಗೆ ಹೆಚ್ಚು ನೋವಾಯಿತು.

“ಸುಳ್ಳು ಯಾಕ ಹೇಳಿದಿ?” ಗುರುದೇವಿಯ ದನಿ ಪಕ್ಕದ ಮನೆಗೂ ಕೇಳಿಸುವಂತಿತ್ತು.

“ಮತ್ತೇನ ಹೇಳ್ಲಿ?” ಶಂಕ್ರವ್ವ ಅಡುಗೆಮನೆಯ ಹೊಸ್ತಿಲ ಮೇಲೆ ಕುಸಿದು ಕೂತಳು. “ಒಬ್ಬರು ಬಿ.ಎಡ್. ಹುಡುಗಿ ಅನ್ನಾಕ್ಹತ್ಯಾರ. ಒಬ್ಬರು ಬ್ಯಾಂಕಿನ್ಯಾಗ ಅದಾಳಂತಲ್ಲ ಅಂತಾರ. ಎಲ್ಲಾರೂ ಬ್ಯಾರೆ ಯಾರನ್ನರ ಕೇಳ್ತಾರವಾ. ನಿನ್ನ ಒಬ್ಬರೂ ಕೇಳಿಲ್ಲ. ಬರೂದರ ಬರ್ಲಿ, ನಿನ್ನ ಮಾರಿ ಒಮ್ಮೆ ನೋಡಿದ್ರ ಒಪ್ಪಬಹುದು ಅಂತ ಹೂಂ ಅಂದ್ನಿ.”

ಗುರುದೇವಿ ಆ ರಾತ್ರಿ ಉಣ್ಣಲಿಲ್ಲ, ಮರುದಿನವೂ ಊಟ ಬಿಟ್ಟಳು.

ಸೋಮವಾರ ಪ್ರೆಸ್ಸಿನಲ್ಲಿ ಚೀಲ ಪಕ್ಕಕ್ಕಿಟ್ಟು ನೇರ ಕಂಪ್ಯೂಟರಿನ ಮುಂದೆ ಕೂತಳು. ಎಲ್ಲಕ್ಕಿಂತ ಮೇಲಿನ ಸಾಲು ಒತ್ತಿದಳು. ಹಳದಿ ಡಬ್ಬಿ ತೆರೆಯಿತು, ಅದರಲ್ಲಿ ತನ್ನ ಮನೆಯ ನಂಬರು. ಅದರ ಕೆಳಗಿನದು ಒತ್ತಿದಳು. ತನ್ನ ಮನೆಯ ನಂಬರು. ಬಿ.ಎಡ್. ಹುಡುಗಿಯದು ಒತ್ತಿದಳು, ಬ್ಯಾಂಕಿನವಳದು ಒತ್ತಿದಳು, ಎಂಜಿನಿಯರಿಂಗ್ ಓದಿದವಳದು ಒತ್ತಿದಳು. ಯಾವ ಹುಡುಗಿಯನ್ನು ಒತ್ತಿದರೂ ಹೆಗ್ಗನಹಳ್ಳಿಯ ಅದೇ ಮನೆ, ಅದೇ ಫೋನು.

ತಪ್ಪು ಎಲ್ಲಿದೆಯೆಂದು ಹುಡುಕಲು ಅವಳಿಗೆ ಇಡೀ ಬೆಳಗು ಹಿಡಿಯಿತು. ಲೂಪ್ ಪ್ರತಿ ಲಿಂಕಿನ ಹತ್ತಿರವೂ ಹೋಗಿತ್ತು, ನಿಜ. ಆದರೆ ಯಾರ ಕೈಗೂ ನಂಬರು ಕೊಟ್ಟಿರಲಿಲ್ಲ. ಗೋಡೆಯ ಮೇಲೆ ಒಂದೇ ಒಂದು ಪಾಟಿ ನೇತುಹಾಕಿ, ಅದರಲ್ಲಿ ನಂಬರು ಬರೆದು, ‘ಯಾರಾದರೂ ಒತ್ತಿದಾಗ ಈ ಪಾಟಿ ನೋಡಿ ಹೇಳು’ ಎಂದಷ್ಟೇ ಒಂದೊಂದಕ್ಕೂ ಹೇಳಿತ್ತು. ಮುಂದಿನ ಲಿಂಕಿಗೆ ಹೋಗುವಾಗ ಹಿಂದಿನ ನಂಬರು ಅಳಿಸಿ ಹೊಸದು ಬರೆದಿತ್ತು. ಜನ ಬಂದು ಒತ್ತುವ ಹೊತ್ತಿಗೆ ಲೂಪ್ ತನ್ನ ಸುತ್ತು ಮುಗಿಸಿ ಎಷ್ಟೋ ಹೊತ್ತಾಗಿರುತ್ತಿತ್ತು. ಪಾಟಿಯ ಮೇಲೆ ಉಳಿಯುತ್ತಿದ್ದದ್ದು ಕಡೆಯದಾಗಿ ಬರೆದ ನಂಬರು. ಕಡೆಯ ಸಾಲು ಅವಳದು. ಪರೀಕ್ಷೆಗೆ ಆರಿಸಿಕೊಂಡದ್ದೂ ಅದನ್ನೇ, ಇಡೀ ಪುಟದಲ್ಲಿ ತಪ್ಪು ಕಾಣಿಸದ ಒಂದೇ ಒಂದು ಸಾಲನ್ನು.

ಸರಿಪಡಿಸುವುದು ದೊಡ್ಡ ಕೆಲಸವಲ್ಲ. ಪ್ರತಿ ಲಿಂಕಿಗೂ ಅದರ ನಂಬರನ್ನು ಬೇರೆಯಾಗಿ ಕೈಗೆ ಕೊಟ್ಟು ಕಳಿಸುವ ಒಂದು ಪುಟ್ಟ ಫಂಕ್ಷನ್ ಬರೆದರೆ ಮುಗಿಯಿತು. ಅದನ್ನು ಬರೆದಳು ಕೂಡ. ಆದರೆ ಸರ್ವರಿಗೆ ಏರಿಸಲಿಲ್ಲ. ಯಾಕೆಂದು ಅವಳನ್ನು ಕೇಳುವವರು ಯಾರೂ ಇರಲಿಲ್ಲ, ಅವಳು ತನ್ನನ್ನು ತಾನೇ ಕೇಳಿಕೊಳ್ಳುವ ಧೈರ್ಯ ಮಾಡಲಿಲ್ಲ. ಏರಿಸಿದರೆ ಫೋನು ನಿಲ್ಲುತ್ತದೆ. ಕಸೂತಿ ಬಟ್ಟೆಯ ಕೆಳಗೆ ಮತ್ತೆ ತೆಪ್ಪಗೆ ಕೂರುತ್ತದೆ. ಹಾಗೇ ಬಿಟ್ಟರೆ, ಬೇರೆ ಯಾರನ್ನೋ ಹುಡುಕಿ ಬಂದ ಹತ್ತು ಜನರಲ್ಲಿ ಒಬ್ಬ ತನ್ನ ಮುಖ ನೋಡಿ, ಇವಳೇ ಆಗಲಿ ಎನ್ನಬಾರದೇ? ತಾಯಿಯನ್ನು ಯಾವ ಸುಳ್ಳಿಗಾಗಿ ಬೈದಿದ್ದಳೋ ಅದೇ ಸುಳ್ಳಿಗೆ ಈಗ ತಾನೇ ಜೋತುಬಿದ್ದಿದ್ದಳು. ನಾಳೆ ಏರಿಸುತ್ತೇನೆ ಎಂದುಕೊಂಡಳು. ಮರುದಿನವೂ ಹಾಗೇ ಅಂದುಕೊಂಡಳು. ಹೀಗೇ ವಾರ ಸರಿಯಿತು. ಅವಳನ್ನು ಆಡಿಕೊಳ್ಳಲು ನನಗೆ ಮನಸ್ಸಿಲ್ಲ. ನೀರಿನಲ್ಲಿ ಮುಳುಗುವವರು ಏನು ಸಿಕ್ಕಿದರೂ ಹಿಡಿದುಕೊಳ್ಳುತ್ತಾರೆ.

ಶನಿವಾರ ಆರ್‌ಪಿಸಿ ಲೇಔಟಿನಿಂದ ಗೂಳಪ್ಪ ಎಂಬವರು ಪ್ರೆಸ್ಸಿಗೆ ಬಂದರು. ಮೇಷ್ಟರಾಗಿ ನಿವೃತ್ತರಾದವರು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಕೊಡೆ. ಜಗನ್ನಾಥ ಹೊರಗೆ ಹೋಗಿದ್ದ. ಗುರುದೇವಿಯ ಎದುರಿನ ಬೆಂಚಿನ ತುದಿಯಲ್ಲಿ ಕೂತರು.

“ತಂಗೀ, ನಮ್ಮ ಶೈಲಾಂದು ನಿಮ್ಮ ಕಂಪ್ಯೂಟರಿನ್ಯಾಗ ಹಾಕೀರೋ ಇಲ್ಲೋ?”

“ಹಾಕೀನ್ರಿ ಅಜ್ಜಾರ. ಬಿ.ಎಡ್. ಅಲ್ರೀ ಅವ್ರು?”

“ಹೌದವಾ. ಹಬ್ಬದ ಮುಂದ ಬರ್ತಿದ್ದೂವು, ದಿನಾ ಒಂದೊಂದರ ಫೋನ್ ಬರ್ತಿತ್ತು. ಹಬ್ಬ ಆದಮ್ಯಾಲ ಒಂದೂ ಇಲ್ಲ.” ಅವರು ಕೊಡೆಯ ಹಿಡಿಯನ್ನು ತಿರುಗಿಸುತ್ತಾ ಕೂತರು. “ಆಕಿ ಏನೂ ಅನ್ನಂಗಿಲ್ಲ. ಸಾಲಿಯಿಂದ ಬಂದಾಕಿ ಪೇಪರ್ ತಿದ್ದೂ ನೆವಾ ಮಾಡಿ ಫೋನಿನ ಮಗ್ಗಲಾಗ ಕುಂದರತಾಳ. ನಿನ್ನೆ ಕೇಳಿದ್ಳವಾ ನನ್ನ, ಅಪ್ಪಾ, ಯಾರರ ನನ್ನ ಬಗ್ಗೆ ಏನರ ಹೇಳ್ಯಾರೇನು ಅಂತ. ತಾಯಿಲ್ಲದ ಕೂಸು. ನಾ ಏನ್ ಹೇಳ್ಲಿ?”

ಗುರುದೇವಿಗೆ ಆ ಹುಡುಗಿ ಕಣ್ಣಿಗೆ ಕಟ್ಟಿದಳು. ನೋಡದೆಯೂ ಬಲ್ಲಳು. ಫೋನಿನ ಪಕ್ಕ ನೆವ ಮಾಡಿಕೊಂಡು ಕೂರುವುದು, ಕೇಳಬಾರದೆಂದು ಹಲ್ಲು ಕಚ್ಚಿ ಕೊನೆಗೆ ಕೇಳಿಬಿಡುವುದು, ಇವೆಲ್ಲ ಅವಳು ತಾನೇ ಪಟ್ಟ ಪಾಡು. ಇವಳಿಗಾದರೋ ಆ ಪಾಡನ್ನು ತಂದವಳು ತಾನು. ಶೈಲಾ ಒಬ್ಬಳೇ ಅಲ್ಲ, ಆ ಪುಟದಲ್ಲಿರುವ ಅಷ್ಟೂ ಮನೆಗಳ ಫೋನು ಸುಮ್ಮನಾಗಿದೆ. ಅಷ್ಟೂ ಮನೆಯ ಹುಡುಗಿಯರು ಕನ್ನಡಿಯ ಮುಂದೆ ನಿಂತು ತಮ್ಮಲ್ಲೇನು ಕೊರತೆ ಎಂದು ಹುಡುಕುತ್ತಿದ್ದಾರೆ. “ಇನ್ನ ಬರ್ತಾವ್ರಿ, ಇವತ್ತಿನಿಂದನ ಬರ್ತಾವು” ಎಂದಳು. ಗೂಳಪ್ಪ ಮೆಟ್ಟಿಲಿಳಿದು ಹೋಗುವ ಮೊದಲೇ ತಿದ್ದಿದ ಪುಟವನ್ನು ಸರ್ವರಿಗೆ ಏರಿಸಿದಳು.

ಜಗನ್ನಾಥ ಬಂದಾಗ ಮುಚ್ಚಿಡದೆ ಎಲ್ಲವನ್ನೂ ಹೇಳಿದಳು, ವಾರ ತಡಮಾಡಿದ್ದನ್ನೂ ಸೇರಿಸಿ. ಅವನು ಮೊದಲು ಬಾಯಿ ಬಿಟ್ಟುಕೊಂಡು ನಿಂತ, ಆಮೇಲೆ ಕೂಗಿದ. ಆಮೇಲೆ ಅವಳ ಮುಖ ನೋಡಿ ಕೂಗುವುದನ್ನು ನಿಲ್ಲಿಸಿ, ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತ.

“ಈಗ ಒಂದೊಂದನ್ನೂ ನನ್ನೆದುರಿಗೇ ಒತ್ತು. ಬಂದ ನಂಬರಿಗೆ ಫೋನ್ ಮಾಡಿ ಯಾರ ಮನೆ ಅಂತ ಕೇಳು. ಮೇಲಿಂದ ಹಿಡಿದು ಕೊನೇದರವರೆಗೂ.”

“ಕೊನೇದು ನನ್ನದರಿ ಸಾರ್.”

“ನಿಂದೂ ಸೇರಿಸಿ ಕಣಮ್ಮಾ. ಅದೊಂದನ್ನೇ ನೋಡಿ ಎಲ್ಲಾ ಸರಿ ಇದೆ ಅಂದ್ಕೊಂಡಿದ್ದಕ್ಕೆ ಅಲ್ವಾ ಇಷ್ಟೆಲ್ಲ ಆಗಿದ್ದು?”

ಅವಳು ಒತ್ತುತ್ತಾ ಹೋದಳು. ಮೊದಲ ಸಾಲಿಗೆ ಕೆಂಗೇರಿಯ ಯಾರೋ ಅಜ್ಜಿ ಎತ್ತಿದಳು. ಅದರ ಕೆಳಗಿನದಕ್ಕೆ ಬ್ಯಾಂಕಿನ ಹುಡುಗಿಯ ಅಣ್ಣ. ಬಿ.ಎಡ್. ಸಾಲಿಗೆ ಶೈಲಾಳೇ ಎತ್ತಿ “ಹಲೋ” ಎಂದಳು. ಆ ಒಂದು ಮಾತಿನಲ್ಲಿ ಎಷ್ಟು ಆತುರವಿತ್ತೆಂದರೆ ವೆಬ್‌ಸೈಟಿನಿಂದ ಪರೀಕ್ಷೆಗೆ ಮಾಡಿದ್ದು ಎಂದು ಹೇಳಲು ಗುರುದೇವಿಗೆ ಬಾಯಿ ಬರಲಿಲ್ಲ. ಎಲ್ಲ ಲಿಂಕೂ ತಂತಮ್ಮ ಮನೆಗೇ ಹೋಗುತ್ತಿತ್ತು. ಮಧ್ಯಾಹ್ನ ಕಳೆಯುತ್ತಾ ಬಂದಾಗ ಕಡೆಯ ಸಾಲು ಉಳಿಯಿತು. ಒತ್ತಿದಳು. ಹಳದಿ ಡಬ್ಬಿಯಲ್ಲಿ ಮನೆಯ ನಂಬರು ಬಂತು. ಪುಟ ಸರಿಹೋದ ಸಂಗತಿಯನ್ನಾಗಲಿ, ಅದು ಕೆಟ್ಟಿದ್ದ ಸಂಗತಿಯನ್ನಾಗಲಿ ಅವಳಿನ್ನೂ ತಾಯಿಗೆ ಹೇಳಿರಲಿಲ್ಲ. ನಂಬರು ತಿರುಗಿಸಿದಳು.

ಮೊದಲ ರಿಂಗು ಮುಗಿಯುವ ಮೊದಲೇ ಶಂಕ್ರವ್ವ ಎತ್ತಿದಳು.

“ಹಲೋ, ಹೇಳ್ರಿ, ಹೆಗ್ಗನಹಳ್ಳಿ ಗುರುದೇವಿ ಮನಿರಿ.” ಗುರುದೇವಿ ಬಾಯಿ ತೆರೆಯುವಷ್ಟರಲ್ಲಿ ತಾಯಿಯ ಮಾತು ಒಂದೇ ಉಸಿರಿಗೆ ಬಂತು. “ನೋಡ್ರಿ, ನೀವು ಯಾರನ್ನ ಹುಡುಕಿ ಮಾಡೀರೋ ನನಗ ತಿಳೀದು. ಮೊದಲ ಹೇಳಿಬಿಡ್ತೀನ್ರಿ. ನನ್ನ ಮಗಳು ಬಿ.ಎಡ್. ಅಲ್ಲ, ಬ್ಯಾಂಕಿನ್ಯಾಗೂ ಇಲ್ಲ. ವಯಸ್ಸು ಮೂವತ್ಮೂರು. ಬಣ್ಣ ಕಪ್ಪು. ಒಮ್ಮೆ ಸುಳ್ಳು ಹೇಳಿ ಕರಸಿದ್ನಿರಿ, ಕೂಸು ಊಟಾನ ಬಿಡ್ತು. ಇನ್ನ ಸುಳ್ಳು ಹೇಳಂಗಿಲ್ಲ. ಅವರಪ್ಪ ಹೋದಮ್ಯಾಲ ಈ ಮನಿ ಎತ್ತಿ ಹಿಡದಾಕಿ ಆಕೀನರಿ. ತಮ್ಮನ ಮದಿವಿ ಮಾಡಿದಾಕಿ ಆಕಿ. ತನಗ ಅಂತ ಏನೂ ಕೇಳಿದಾಕಿ ಅಲ್ಲ, ಒಂದು ಛಲೋ ಸೀರಿ ಸೈತ ಕೇಳಿದಾಕಿ ಅಲ್ಲ. ಇಷ್ಟು ಕೇಳಿದಮ್ಯಾಲೂ ನೋಡಬೇಕು ಅನಸಿದ್ರ ಬರ್ರಿ. ಹಲೋ? ಅದೀರೇನ್ರಿ?”

ಗುರುದೇವಿ ರಿಸೀವರಿನ ಬಾಯಿಯನ್ನು ಅಂಗೈಯಿಂದ ಮುಚ್ಚಿದಳು. ಜಗನ್ನಾಥ ಕೇಳಿದ: “ಯಾರು ಎತ್ತಿದ್ರು? ಸರಿ ಇದ್ಯಾ?” ಅವಳು ತಲೆಯಾಡಿಸಿದಳು. ಕಣ್ಣೀರು ಕೀಲಿಮಣೆಯ ಮೇಲೆ ಬೀಳದಂತೆ ಮುಖ ಪಕ್ಕಕ್ಕೆ ತಿರುಗಿಸಿಕೊಂಡಳು. ಅವನು ಏನೋ ಅರ್ಥವಾದವನಂತೆ ಎದ್ದು ಹೊರಗೆ ಹೋದ.

“ಇವರೂ ಇಟ್ಟರು,” ಎಂದು ಶಂಕ್ರವ್ವ ಆ ಕಡೆ ತನ್ನಷ್ಟಕ್ಕೆ ಅಂದುಕೊಂಡದ್ದು ಕೇಳಿಸಿತು.

“ಅವ್ವಾ, ನಾನು.”

“ನೀನಾ?” ಎಂದಳು ಶಂಕ್ರವ್ವ. “ನೀ ಯಾಕ ಮಾಡಿದಿ ಈಗ? ಇಡವಾ, ಲಗೂನ ಇಡು. ಯಾರರ ಮಾಡಾಕ್ಹತ್ತಿರ್ತಾರ.”